ಎಳೆಯ ಮಕ್ಕಳ ದೂರ ವಿಮಾನಯಾನ : ಒಂದು ಅನುಭವ

ಶ್ರೀಮಠದ ಆಶ್ರಯದಲ್ಲಿ ನಡೆದುಬಂದಿರುವ ನಮ್ಮ ವಿದ್ಯಾಶಾಲೆಯ ವಾರ್ಷಿಕ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಮೂವತ್ತೊಂದು ವರ್ಷಗಳ ಕಾಲ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ನನ್ನಂಥವಳು ಬರೆಯಬಹುದಾದ ವಿಷಯವಾವುದೆಂದು ಆಲೋಚಿಸಿದೆ. ಶಿಕ್ಷಣಶಾಸ್ತ್ರದ ಗಹನ ವಿಚಾರಗಳನ್ನು ಬಲ್ಲವರು ಈ ಸಂಚಿಕೆಯಲ್ಲಿ ಬರೆಯುವವರಿದ್ದಾರೆ. ನನಗಾದರೋ ಕೆಲವು ವರ್ಷಗಳಿಂದ ನಮ್ಮ ಹಳೆಯ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆಯೊಂದಿದೆ. "ಅಕ್ಕೋರೆ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ವಿಮಾನದಲ್ಲಿ ಅಷ್ಟು ದೂರ ಹೋಗುವುದು ಹೇಗೆ? ಮಕ್ಕಳನ್ನು ಏನು ಹೇಳಿ ಸಿದ್ಧ ಮಾಡಬೇಕು?" ಪ್ರಶ್ನೆ ಚಿಕ್ಕದಾಗಿ ತೋರಿದರೂ ಅದರೊಳಗೆ ಮಗುವಿನ ಮನಸ್ಸಿಗೆ ಸಂಬಂಧಿಸಿದ ದೊಡ್ಡ ವಿಚಾರವಿದೆ. ಅದನ್ನೇ ನನಗೆ ತಿಳಿದಷ್ಟು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಹೊಸಹಳ್ಳಿಯ ಸೀಮೆ ಪ್ರಯಾಣಕ್ಕೆ ಹೊಸದಲ್ಲ. ಕೊಟ್ಟೂರಿನ ತೇರಿಗೆ, ಮೈಲಾರದ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದ ಹಿರಿಯರ ಮಾತುಗಳನ್ನು ಕೇಳಿಯೇ ನಾವು ಬೆಳೆದವರು. ಕೂಡ್ಲಿಗಿಯಿಂದ ಚಿತ್ರದುರ್ಗದ ಕಡೆಗೆ ಸಾಗುವ ಹೆದ್ದಾರಿ ನಮ್ಮ ಮಗ್ಗುಲಲ್ಲೇ ಇದ್ದು, ಬೆಂಗಳೂರಿನ ಬಸ್ಸಿಗಾಗಿ ರಾತ್ರಿಯಲ್ಲಿ ಕಾದು ನಿಲ್ಲದ ಕುಟುಂಬ ಇಲ್ಲಿ ವಿರಳ. ಆದರೆ ಆಕಾಶಮಾರ್ಗ ಮಾತ್ರ ಬಹುಕಾಲ ನಮ್ಮ ಪಾಲಿಗೆ ಕಥೆಯಾಗಿಯೇ ಉಳಿದಿತ್ತು. ೧೯೪೮ರ ಜೂನ್ ೮ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಎಂಬ ವಿಮಾನ ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳಲ್ಲಿ ಇಳಿದೇರಿ ಲಂಡನ್ನಿಗೆ ಹೋದುದು ನಮ್ಮ ದೇಶದ ಪರದೇಶ ವಿಮಾನಯಾನದ ಒಂದು ಮೈಲಿಗಲ್ಲು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮಂಥ ಹಳ್ಳಿಗಳಿಗೂ ಹೊರದೇಶ ಒಂದು ಹಗಲಿನ ರಸ್ತೆಯಷ್ಟು ಹತ್ತಿರವಾಯಿತು. ೨೦೨೧ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನಾಯಕತ್ವದಲ್ಲಿ ಮಹಿಳೆಯರೇ ಇದ್ದ ಚಾಲಕ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲ್ಮಾರ್ಗವಾಗಿ ಹಾರಿ ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಮುಟ್ಟಿದ ಸುದ್ದಿಯನ್ನು ನಾನು ಓದಿ ಹೇಳಿದಾಗ, ನನ್ನ ಮೊಮ್ಮಗಳು ಕಣ್ಣರಳಿಸಿ ಕೇಳಿದ್ದಳು.

ಆ ಮೊಮ್ಮಗಳ ಮಾತೇ ಈ ಲೇಖನಕ್ಕೆ ಕಾರಣ. ಇದೇ ಶಾಲೆಯಲ್ಲಿ ಓದಿದ ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿದ್ದಾನೆ. ಕೊರೋನಾ ಕಾಲದಲ್ಲಿ ಕಾಗದಪತ್ರಗಳು ತಡವಾಗಿ, ಸೊಸೆ ಮತ್ತು ಇಬ್ಬರು ಮಕ್ಕಳು ಎರಡು ವರ್ಷಕ್ಕೂ ಮೇಲ್ಪಟ್ಟು ಹೊಸಹಳ್ಳಿಯ ನಮ್ಮ ಮನೆಯಲ್ಲಿಯೇ ಇದ್ದರು. ಕಿರಿಯವನು ಹುಟ್ಟಿದ್ದೂ ಇಲ್ಲಿಯೇ. ೨೦೨೨ರ ನಾಗರಪಂಚಮಿ ಕಳೆದ ಮೇಲೆ ಅವರು ಹೊರಡುವುದೆಂದು ನಿಶ್ಚಯವಾಯಿತು. ಹುಡುಗಿಗೆ ಆಗ ಆರು ವರ್ಷ, ಹುಡುಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಹೊಸಹಳ್ಳಿಯಿಂದ ದೇವನಹಳ್ಳಿಗೆ ಐದಾರು ಗಂಟೆಯ ಕಾರಿನ ಹಾದಿ, ಅಲ್ಲಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ಅಲ್ಲಿ ಕೆಲವು ಗಂಟೆ ತಂಗಿದ್ದು ಮತ್ತೊಂದು ವಿಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು ಹದಿನಾರು ಗಂಟೆ. ನಿಲ್ದಾಣಗಳಲ್ಲಿ ಕಾಯುವುದೂ ಸೇರಿದರೆ ಒಂದೂವರೆ ದಿನ. ಜೊತೆಯಲ್ಲಿ ಇದ್ದವಳು ತಾಯಿ ಒಬ್ಬಳೇ.

ಹಿರಿಯರಾದ ನಾವು ವಿಮಾನದ ಎತ್ತರಕ್ಕೆ, ಸದ್ದಿಗೆ, ಅಪಾಯಕ್ಕೆ ಹೆದರುತ್ತೇವೆ. ಮಕ್ಕಳೂ ಅದಕ್ಕೇ ಹೆದರುವರೆಂದು ಭಾವಿಸಿ, "ಹೆದರಬೇಡ, ವಿಮಾನ ಬೀಳುವುದಿಲ್ಲ" ಎಂದು ಅವರು ಕೇಳದಿದ್ದ ಭಯವನ್ನು ಅವರಲ್ಲಿ ಬಿತ್ತುತ್ತೇವೆ. ಒಂದು ಸಂಜೆ ಹುಡುಗಿ ನನ್ನನ್ನು ಕೇಳಿದ ಪ್ರಶ್ನೆ ಬೇರೆಯೇ ಆಗಿತ್ತು. "ಅಜ್ಜಿ, ನಾವು ಮೇಲೆ ಹೋದಾಗ ನಮ್ಮೂರು ಇಲ್ಲೇ ಇರುತ್ತದೆಯೆ?" ಎಂದಳು. ಇರುತ್ತದೆ ಎಂದೆ. "ನೀನು?" ಎಂದಳು. ಅವಳಿಗೆ ವಿಮಾನದ ಚಿಂತೆ ಇರಲಿಲ್ಲ. ತಾನು ಬಿಟ್ಟುಹೋಗುವ ವಸ್ತುಗಳೂ ಜನರೂ ತನ್ನ ಕಣ್ಮರೆಯಾದ ಮೇಲೆ ಏನಾಗುವರೆಂಬುದೇ ಅವಳ ಚಿಂತೆ. ಒಂದನೆಯ ತರಗತಿಗೆ ಮೊದಲ ದಿನ ಬಂದು ಬಾಗಿಲಲ್ಲಿ ಅಳುವ ಮಕ್ಕಳನ್ನು ಮೂವತ್ತೊಂದು ಜೂನ್ ತಿಂಗಳು ಕಂಡಿದ್ದೇನೆ. ಅವರ ಅಳುವಿನಲ್ಲಿ ಇರುವುದೂ ಇದೇ ಪ್ರಶ್ನೆ. ಆದುದರಿಂದ ವಿಮಾನಯಾನದ ಸಿದ್ಧತೆಯೆಂದರೆ ಪೆಟ್ಟಿಗೆ ತುಂಬುವುದಷ್ಟೇ ಅಲ್ಲ, ಏನಾಗಲಿದೆಯೆಂಬ ಸತ್ಯವನ್ನು ಮಗುವಿನ ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ, ಮುಂಚಿತವಾಗಿ ತಿಳಿಸುವುದು ಎಂಬುದು ನನ್ನ ಅಭಿಮತ.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಪ್ರಯಾಣದ ವಿಷಯ ತಿಳಿಸುವ ಪರಿಪಾಠ ಕಡಿಮೆ. "ಜಾತ್ರೆಗೆ ಹೋಗೋಣ ಬಾ" ಎಂದು ಆಸ್ಪತ್ರೆಗೆ ಕರೆದೊಯ್ಯುವುದು, "ನಾಳೆ ಬಂದುಬಿಡುತ್ತೇವೆ" ಎಂದು ತಿಂಗಳುಗಟ್ಟಲೆ ಬಿಟ್ಟುಹೋಗುವುದು ಸಾಮಾನ್ಯ. ಪ್ರೀತಿಯಿಂದ ಹೇಳುವ ಸುಳ್ಳೆಂಬುದೇನೋ ನಿಜ. ಆದರೆ ಅದರ ಬೆಲೆಯನ್ನು ತೆರುವುದು ಮಗು. ನಮ್ಮ ಮನೆಗೆ ಬೀಳ್ಕೊಡಲು ಬಂದ ನೆಂಟರು, "ಎಂಟೇ ದಿನ ಕಣೆ, ಮತ್ತೆ ಬರುತ್ತೀಯ" ಎನ್ನತೊಡಗಿದಾಗ, ಹಾಗೆ ಹೇಳಬಾರದೆಂದು ನಾನು ಕೈಮುಗಿದು ಕೇಳಿಕೊಂಡೆ. ಎಂಟು ದಿನ ಎಣಿಸಬಲ್ಲ ಮಗು ಒಂಬತ್ತನೆಯ ದಿನ ಯಾರನ್ನು ನಂಬಬೇಕು? ಎರಡು ವರ್ಷದ ಹುಡುಗನಿಗೆ ದಿನಗಳ ಲೆಕ್ಕ ತಿಳಿಯದು. ಅವನಿಗೆ ಹೊರಡುವ ಹಿಂದಿನ ದಿನ, ಹೊರಡುವ ಬೆಳಿಗ್ಗೆ, ಎರಡೇ ವಾಕ್ಯಗಳಲ್ಲಿ ಹೇಳಿದರೆ ಸಾಕು : "ಅಮ್ಮ ಜೊತೆಯಲ್ಲೇ ಇರುತ್ತಾಳೆ. ಅಲ್ಲಿ ಅಪ್ಪ ಸಿಗುತ್ತಾನೆ." ಆರು ವರ್ಷದವಳಿಗೆ ಹೆಚ್ಚು ಬೇಕು, ಮೊದಲೇ ಬೇಕು, ಕ್ರಮವಾಗಿ ಬೇಕು.

ಆ ಕ್ರಮಕ್ಕಾಗಿ ಹನ್ನೆರಡು ಶೇಂಗಾ ಕಾಯಿಗಳನ್ನು ಗೂಡಿನಲ್ಲಿ ಸಾಲಾಗಿಟ್ಟೆವು. ದಿನಕ್ಕೊಂದನ್ನು ರಾತ್ರಿ ಊಟದ ಮೇಲೆ ಸುಲಿದು ತಿನ್ನುವುದು, ಕಾಯಿ ಮುಗಿದ ಮರುದಿನ ಪ್ರಯಾಣ. ದಿನಕ್ಕೊಂದು ಹಂತವನ್ನು ಆಟದ ಮೂಲಕ ಪರಿಚಯಿಸಿದೆವು. ಪಡಸಾಲೆಯಲ್ಲಿ ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟು, ಟವೆಲ್ಲಿನಿಂದ ಸೊಂಟಕ್ಕೆ ಪಟ್ಟಿ ಬಿಗಿದು, ಬಿಚ್ಚಲು ಅಪ್ಪಣೆಯಾಗುವ ತನಕ ಕೂರುವ ಅಭ್ಯಾಸ ಮಾಡಿಸಿದೆವು. ಹುಡುಗಿ ಗಗನಸಖಿಯಾಗಿ ತಟ್ಟೆಯಲ್ಲಿ ಮಂಡಕ್ಕಿ ಹಂಚಿದಳು. ಅವರ ತಾತ ಚಾಲಕರಾಗಿ ಚೆಂಬನ್ನು ಬಾಯಿಗಿಟ್ಟುಕೊಂಡು, "ಮೋಡಗಳು ಬಂದಿವೆ, ಎಲ್ಲರೂ ಕುಳಿತುಕೊಳ್ಳಿರಿ" ಎಂದು ಘೋಷಿಸಿದರು. ವಿಮಾನದ ಶೌಚಾಲಯ ಇಕ್ಕಟ್ಟಾದುದು, ನೀರು ಬಿಟ್ಟಾಗ ದೊಡ್ಡ ಸದ್ದು ಮಾಡುವುದು ಎಂಬುದನ್ನೂ ಸದ್ದು ಮಾಡಿ ತೋರಿಸಿ ನಗಿಸಿದೆವು. ಪಂಚಮಿಯ ಜೋಕಾಲಿಯಂತೂ ಉಪಾಧ್ಯಾಯರಿಗಿಂತ ಚೆನ್ನಾಗಿ ಪಾಠ ಹೇಳಿತು. ಮೇಲಿಂದ ಕೆಳಕ್ಕೆ ಬರುವಾಗ ಹೊಟ್ಟೆಯೊಳಗೆ ಏನೋ ಜಾರಿದಂತಾಗುವುದಲ್ಲವೆ, ವಿಮಾನ ಏರುವಾಗಲೂ ಗಾಳಿಯಲ್ಲಿ ಅಲುಗುವಾಗಲೂ ಹಾಗೆಯೇ ಆಗುವುದೆಂದು ಹೇಳಿದಾಗ ಅವಳಿಗೆ ಅದು ಭಯದ ವಿಷಯವಾಗದೆ ಹಿಗ್ಗಿನ ವಿಷಯವಾಯಿತು.

ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಮಕ್ಕಳ ಕೈಯ ಗೊಂಬೆಯೂ ಯಂತ್ರದೊಳಗೆ ಹೋಗಿ ಬರಬೇಕಾಗುತ್ತದೆ. ದೊಡ್ಡವರಿಗೆ ಅದು ಅರೆನಿಮಿಷದ ಮಾತು. ಎಂದೂ ಬಿಟ್ಟಿರದ ಬಟ್ಟೆಯ ಆನೆಯನ್ನು ಅಪರಿಚಿತರು ಕಸಿದು ಕತ್ತಲೆಯ ಪೆಟ್ಟಿಗೆಗೆ ತಳ್ಳಿದರೆ ಎರಡು ವರ್ಷದ ಮಗುವಿಗೆ ಅದು ಸರ್ವಸ್ವ ಹೋದಂತೆ. ಅದಕ್ಕಾಗಿ ಮಂಚದ ಒಂದು ಬದಿಯಲ್ಲಿ ಆನೆಯನ್ನು ಮೊರದಲ್ಲಿಟ್ಟು ಒಳಕ್ಕೆ ಸರಿಸಿ, ಮತ್ತೊಂದು ಬದಿಯಲ್ಲಿ ಅದು ಹೊರಬರುವುದನ್ನು ದಿನಕ್ಕೆ ಹತ್ತು ಬಾರಿ ಆಡಿಸಿದೆವು. ಹೋದದ್ದು ಬರುತ್ತದೆ ಎಂಬುದು ಅವನಿಗೆ ಕೈಯಿಂದ ತಿಳಿಯಿತು. ದೇವನಹಳ್ಳಿಯಲ್ಲಿ ಅವನು ತಾನೇ ಆನೆಯನ್ನು ತಟ್ಟೆಯಲ್ಲಿಟ್ಟು ಆಚೆ ಬದಿಗೆ ಓಡಿದನೆಂದು ಸೊಸೆ ಬರೆದಿದ್ದಳು.

ಹಗಲಿರುಳಿನ ವಿಚಾರವನ್ನು ದೀಪ ಹಾಗೂ ಕುಂಬಳಕಾಯಿಯ ಸಹಾಯದಿಂದ ವಿವರಿಸಿದೆ. ಕುಂಬಳಕಾಯಿಯ ಒಂದು ಬದಿಗೆ ಹೊಸಹಳ್ಳಿಯೆಂದು ಕುಂಕುಮದ ಬೊಟ್ಟು, ಹೆಚ್ಚುಕಡಿಮೆ ಅದರ ಎದುರು ಬದಿಗೆ ಅಪ್ಪನ ಊರೆಂದು ಅರಿಸಿನದ ಬೊಟ್ಟು. ಕತ್ತಲೆಯ ಕೋಣೆಯಲ್ಲಿ ದೀಪದ ಮುಂದೆ ನಿಧಾನವಾಗಿ ತಿರುಗಿಸಿದರೆ ಒಂದಕ್ಕೆ ಬೆಳಕಾಗುವಾಗ ಮತ್ತೊಂದಕ್ಕೆ ನೆರಳು. ಬೇಸಿಗೆಯ ಗಡಿಯಾರದಂತೆ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಇಲ್ಲಿ ಬೆಳಗಿನ ಆರು ಗಂಟೆಗೆ ನಾನು ಅಂಗಳಕ್ಕೆ ನೀರು ಚಿಮುಕಿಸುವಾಗ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. "ಹಾಗಾದರೆ ನಾನು ಆಟ ಮುಗಿಸಿ ಬಂದಾಗ ನೀನು ಎದ್ದಿರುತ್ತೀಯ" ಎಂದು ಲೆಕ್ಕ ಹಾಕಿದವಳು ಅವಳೇ. ಅಂದಿನಿಂದ ಆ ವೇಳೆಯೇ ನಮ್ಮಿಬ್ಬರ ದೂರವಾಣಿಯ ವೇಳೆಯಾಯಿತು.

ಇನ್ನು ಶರೀರಕ್ಕೆ ಸಂಬಂಧಿಸಿದ ಮಾತು. ವಿಮಾನ ಮೂವತ್ತೈದು ಸಾವಿರ ಅಡಿಯ ಆಸುಪಾಸಿನಲ್ಲಿ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು ೬,೦೦೦ದಿಂದ ೮,೦೦೦ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ನಮ್ಮ ನಾಡಿನ ಮುಳ್ಳಯ್ಯನಗಿರಿಯ ನೆತ್ತಿ ಸುಮಾರು ೬,೩೦೦ ಅಡಿ. ಹದಿನಾರು ಗಂಟೆ ಆ ಗಿರಿಯ ತುದಿಯಲ್ಲೋ ಅದಕ್ಕೂ ತುಸು ಮೇಲೋ ಕುಳಿತಂತೆ ಎಂದು ತಿಳಿಯಬಹುದು. ಮೂಗಿನ ಹಿಂಬದಿಯಿಂದ ಕಿವಿಯ ಒಳಭಾಗಕ್ಕೆ ಹೋಗುವ ಸಣ್ಣ ನಾಳವೊಂದು ಕಿವಿತಮಟೆಯ ಎರಡೂ ಕಡೆಯ ಒತ್ತಡವನ್ನು ಸಮ ಮಾಡುತ್ತದೆ. ಎಳೆಯ ಮಕ್ಕಳಲ್ಲಿ ಈ ನಾಳ ಕಿರಿದಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ ಬೇಗನೆ ತೆರೆಯದು, ವಿಶೇಷವಾಗಿ ವಿಮಾನ ಇಳಿಯುವಾಗ. ನುಂಗುವಾಗ, ಆಕಳಿಸುವಾಗ ನಾಳ ತೆರೆಯುತ್ತದೆ. ಆದುದರಿಂದ ಕೂಸಿಗೆ ಮೊಲೆಹಾಲು ಅಥವಾ ಸೀಸೆ, ಎರಡು ಮೂರು ವರ್ಷದವರಿಗೆ ಗುಟುಕು ಗುಟುಕಾಗಿ ನೀರು, ದೊಡ್ಡವರಿಗೆ ಚೀಪುವ ಪೆಪ್ಪರ್‌ಮಿಂಟು. ಹಿಂದೆ ವಿಮಾನಗಳಲ್ಲಿ ಗಗನಸಖಿಯರು ಪೆಪ್ಪರ್‌ಮಿಂಟು ಹಂಚುತ್ತಿದ್ದುದು ಕೇವಲ ಉಪಚಾರಕ್ಕಲ್ಲ. ಇಳಿಯುವಿಕೆ ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮುಂಚೆಯೇ ಆರಂಭವಾಗುವುದರಿಂದ, ನಿದ್ರಿಸುವ ಮಗುವನ್ನು ಆಗಲೇ ಎಬ್ಬಿಸುವುದು ಲೇಸು. ನಿದ್ದೆಯಲ್ಲಿ ನುಂಗುವಿಕೆ ಕಡಿಮೆ. ಕಿವಿ ಸೋರುತ್ತಿದ್ದರೆ, ನೆಗಡಿ ಬಲವಾಗಿದ್ದರೆ ಹೊರಡುವ ಮುನ್ನ ವೈದ್ಯರಿಗೆ ತೋರಿಸಲೇಬೇಕು.

ವಿಮಾನದೊಳಗಿನ ಗಾಳಿ ನಮ್ಮ ಬೇಸಿಗೆಯ ಗಾಳಿಗಿಂತಲೂ ಒಣಗಿದುದು. ತೇವಾಂಶ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟಿರುತ್ತದೆ. ತುಟಿ, ಮೂಗು ಒಣಗಿ ಮಕ್ಕಳು ಕಿರಿಕಿರಿಗೊಳ್ಳುತ್ತಾರೆ. ಆಗಾಗ ನೀರು ಕೊಡುತ್ತಿರಬೇಕು. ಕೂದಲಿಗೆ ಹೂ ಮುಡಿಸಿ ಜರಿಯ ಲಂಗ ಉಡಿಸಿ ಕಳುಹಿಸುವ ಆಸೆ ಅಜ್ಜಿಯರಿಗೆ ಸಹಜವಾದರೂ, ಸಡಿಲವಾದ ಹತ್ತಿಯ ಬಟ್ಟೆ, ಮೇಲೊಂದು ಬೆಚ್ಚನೆಯ ಅಂಗಿ, ಕೈಚೀಲದಲ್ಲಿ ಪ್ರತಿ ಮಗುವಿಗೆ ಎರಡು ಜೊತೆ ಬದಲಿ ಉಡುಪು, ತಾಯಿಗೂ ಒಂದು ಜೊತೆ ಇರುವುದು ಯುಕ್ತ. ಮಕ್ಕಳಿಗೆ ನಿದ್ದೆ ಬರಿಸಲು ನೆಗಡಿಯ ಔಷಧ ಕುಡಿಸಿರೆಂದು ಬುದ್ಧಿ ಹೇಳುವವರು ಎಲ್ಲೆಡೆಯೂ ಇದ್ದಾರೆ. ಮಕ್ಕಳ ವೈದ್ಯರು ಇದನ್ನು ಒಪ್ಪುವುದಿಲ್ಲ. ಕೆಲವು ಮಕ್ಕಳಲ್ಲಿ ಅದು ತದ್ವಿರುದ್ಧವಾಗಿ ಕೆರಳಿಸುತ್ತದೆ, ಉಸಿರಾಟಕ್ಕೂ ತೊಂದರೆಯಾಗಬಹುದು. ಆಕಾಶದಲ್ಲಿ ಆ ಗಂಡಾಂತರವನ್ನು ತಂದುಕೊಳ್ಳುವುದಕ್ಕಿಂತ ಮಗು ಒಂದು ಗಂಟೆ ಅತ್ತರೆ ಅಳಲಿ. ಅಕ್ಕಪಕ್ಕದವರೂ ಒಂದು ಕಾಲಕ್ಕೆ ಮಕ್ಕಳಾಗಿದ್ದವರೇ.

ಆಹಾರದ ವಿಷಯದಲ್ಲಿ ನಮ್ಮ ತಾಯಂದಿರ ಉತ್ಸಾಹಕ್ಕೆ ಮಿತಿ ಬೇಕು. ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ, ಪಂಚಮಿಯ ಉಂಡಿ ಒಣ ಪದಾರ್ಥಗಳಾದುದರಿಂದ ಕೆಡುವ ಭಯವಿಲ್ಲ, ಮಗುವಿಗೆ ಪರಿಚಿತ ರುಚಿಯೂ ಹೌದು. ಅಪರಿಚಿತ ಊಟವನ್ನು ದೂಡುವ ಮಗು ಮನೆಯ ಅರ್ಧ ರೊಟ್ಟಿಯನ್ನು ಸುಮ್ಮನೆ ಕಡಿಯುತ್ತ ಕೂರುತ್ತದೆ. ಆದರೆ ತುಪ್ಪ, ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ದ್ರವಗಳಿಗೆ ನೂರು ಮಿಲಿಲೀಟರಿನ ಮಿತಿಯಿದೆ. ಕೂಸಿನ ಹಾಲು, ಔಷಧಗಳಿಗೆ ಮಾತ್ರ ಅಗತ್ಯವಿದ್ದಷ್ಟು ವಿನಾಯಿತಿ ದೊರೆಯುತ್ತದೆ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿಯನ್ನು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ಸರಕುಗಳ ಗುಂಪಿಗೆ ಸೇರಿಸಿರುವುದರಿಂದ ಗಿಟುಕುಗಳನ್ನು ಕಟ್ಟಿಕೊಡುವ ನಮ್ಮ ರೂಢಿಯನ್ನು ಇಲ್ಲಿ ಬಿಡಬೇಕು. ಅಮೆರಿಕದಲ್ಲಿ ಇಳಿದ ಮೇಲೆ ತಂದ ತಿನಿಸನ್ನೆಲ್ಲ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಹಸಿ ಹಣ್ಣು, ತರಕಾರಿ, ಬಿತ್ತನೆಯ ಬೀಜಗಳನ್ನು ಒಯ್ಯದಿರುವುದೇ ಕ್ಷೇಮ.

ಆಸನ ಮತ್ತು ಕಾಗದಪತ್ರಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಎರಡು ವರ್ಷ ತುಂಬದ ಕೂಸು ಹಿರಿಯರ ತೊಡೆಯ ಮೇಲೆ ಪ್ರಯಾಣ ಮಾಡಬಹುದು, ತುಂಬಿದ ಮೇಲೆ ಅದಕ್ಕೆ ತನ್ನದೇ ಆಸನ ಬೇಕು. ಅಪ್ಪಳಿಸುವ ಗಾಳಿಯಲ್ಲಿ ತೊಡೆಯ ಮೇಲಿನ ಕೂಸನ್ನು ತೋಳುಗಳಿಂದ ಹಿಡಿದು ನಿಲ್ಲಿಸಲಾಗದೆಂದು ತಜ್ಞರು ಹೇಳುವುದರಿಂದ, ಶಕ್ತಿಯಿದ್ದವರು ಕೂಸಿಗೂ ಆಸನ ಕೊಳ್ಳುವುದು ಒಳಿತು. ಮುಂಭಾಗದ ಗೋಡೆಗೆ ತೊಟ್ಟಿಲು ತಗುಲಿಸುವ ಆಸನಗಳು ಕೆಲವೇ ಇದ್ದು, ಮೊದಲೇ ಕೇಳಿ ಗೊತ್ತುಪಡಿಸಿಕೊಳ್ಳಬೇಕು. ತೊಟ್ಟಿಲಿಗೆ ತೂಕದ ಮಿತಿಯುಂಟು. ಹುಟ್ಟಿದ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟು ಅವಶ್ಯಕ. ಮಕ್ಕಳ ಪಾಸ್‌ಪೋರ್ಟು ಸಾಮಾನ್ಯವಾಗಿ ಐದೇ ವರ್ಷ ಊರ್ಜಿತವಾಗಿರುವುದರಿಂದ ಅವಧಿಯನ್ನು ಮರೆಯಬಾರದು. ಲಸಿಕೆಯ ಚೀಟಿ ಅಲ್ಲಿನ ಶಾಲೆಗೆ ಸೇರಿಸುವಾಗ ಮೊದಲು ಕೇಳುವ ಕಾಗದ, ಅದನ್ನು ಕೈಚೀಲದಲ್ಲಿಯೇ ಇಡಬೇಕು.

ಇವೆಲ್ಲವೂ ಕೇಳಿದರೆ ಯಾರಾದರೂ ಹೇಳಬಲ್ಲ ಮಾತುಗಳು. ಕಷ್ಟವಾದುದು ಬೇರೊಂದು. ಶೇಂಗಾ ಕಾಯಿಗಳು ಏಳು ಉಳಿದಿದ್ದ ದಿನ, ಆಟದ ವಿಮಾನದಲ್ಲಿ ನನಗೂ ತಾತನಿಗೂ ಅವಳು ಕುರ್ಚಿ ಇಟ್ಟಳು. ನಾವು ಬರುವುದಿಲ್ಲವೆಂದು ಅಂದೇ ಹೇಳಿದೆ. ತಾತನ ಎದೆಯ ಕಾಯಿಲೆಯಿಂದಾಗಿ ಅವರು ಅಷ್ಟು ದೂರ ಬರಲಾರರು, ಅವರನ್ನು ಬಿಟ್ಟು ನಾನು ಬರಲಾರೆ, ನೀವು ಮತ್ತೆ ಬರಲು ಎರಡು ವರ್ಷವಾಗಬಹುದು ಎಂದು ಒಂದನ್ನೂ ಮರೆಮಾಚದೆ ತಿಳಿಸಿದೆ. "ಹಾಗಾದರೆ ನಾನೂ ಹೋಗುವುದಿಲ್ಲ" ಎಂದಳು. ಎರಡು ರಾತ್ರಿ ಶೇಂಗಾ ಮುಟ್ಟಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ. ಹೇಳದೇ ಇದ್ದಿದ್ದರೆ ಮಗು ನಗುತ್ತ ಹೋಗುತ್ತಿತ್ತಲ್ಲ ಎಂದು ಮನೆಯವರು ಮರುಗಿದರು. ಮೂರನೆಯ ರಾತ್ರಿ ಅವಳು ತಾನಾಗಿ ಗೂಡಿನ ಬಳಿ ಹೋಗಿ ಮೂರು ಕಾಯಿಗಳನ್ನು ಒಟ್ಟಿಗೆ ಸುಲಿದು, ಒಂದನ್ನು ತಾತನಿಗೆ, ಒಂದನ್ನು ನನಗೆ ಕೊಟ್ಟು, ಒಂದನ್ನು ತಾನು ತಿಂದಳು. ಮರುದಿನದಿಂದ ತಾತನ ಹಿಂದೆಯೇ ತಿರುಗಾಡಿ ಹುಣಸೆಮರ, ಬಾವಿ, ಕೊಟ್ಟಿಗೆ ಎಲ್ಲವನ್ನೂ ತೋರಿಸಿಕೊಂಡು, ತಾನಿಲ್ಲದಾಗ ಯಾವ ಕೆಲಸವನ್ನು ಯಾರು ಮಾಡಬೇಕೆಂದು ಅವರಿಗೆ ಒಪ್ಪಿಸಿದಳು. ಹೊರಡುವ ಬೆಳಿಗ್ಗೆ ತಾತನ ಕಾಲು ಮುಟ್ಟಿ, "ಎರಡು ವರ್ಷ" ಎಂದು ಬೆರಳು ತೋರಿಸಿ ಕಾರು ಹತ್ತಿದಳು.

ಪ್ರಯಾಣ ನಿರಾಯಾಸವಾಗಿತ್ತೆಂದು ಹೇಳಲಾರೆ. ದುಬೈಯಲ್ಲಿ ಇಳಿಯುವಾಗ ಹುಡುಗ ಕಿವಿ ಹಿಡಿದುಕೊಂಡು ಚೀರಿದನು. ಅಕ್ಕನೇ ಅವನ ಬಾಯಿಗೆ ನೀರಿನ ಬಟ್ಟಲು ಹಿಡಿದು, "ನುಂಗು, ನುಂಗು" ಎಂದು ಹೇಳಿಕೊಟ್ಟಳಂತೆ. ಎರಡನೆಯ ವಿಮಾನದಲ್ಲಿ ಮೊದಲ ಐದು ಗಂಟೆ ನಿದ್ದೆ, ಆಮೇಲೆ ಚಿತ್ರ ಬರೆಯುವುದು, ಸಾಲುಗಳ ನಡುವೆ ನಡೆದಾಡುವುದು, ಹೊಸದಾಗಿ ಕೊಂಡು ಮುಚ್ಚಿಟ್ಟಿದ್ದ ಸಣ್ಣ ಆಟಿಕೆಗಳನ್ನು ಎರಡು ಗಂಟೆಗೊಂದರಂತೆ ಬಿಚ್ಚುವುದು. ಹನ್ನೆರಡನೆಯ ಗಂಟೆಯ ಹೊತ್ತಿಗೆ ತಾಯಿಯ ತಾಳ್ಮೆಯೂ ಮುಗಿದು ಅವಳೇ ಅತ್ತಳೆಂದೂ, ಹಿಂದಿನ ಸಾಲಿನ ಅಪರಿಚಿತ ವೃದ್ಧೆಯೊಬ್ಬರು ಹುಡುಗನನ್ನು ಅರ್ಧ ತಾಸು ಎತ್ತಿಕೊಂಡರೆಂದೂ ತಿಳಿಯಿತು. ತಲುಪಿದ ಮೇಲೆ ಮಕ್ಕಳು ನಡುರಾತ್ರಿಯಲ್ಲಿ ಎದ್ದು ಆಡುವುದು, ಹಗಲಿನಲ್ಲಿ ತೂಕಡಿಸುವುದು ಹತ್ತು ಹನ್ನೆರಡು ದಿನ ನಡೆಯಿತು. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಸರಿಹೊಂದುವುದರಿಂದ ಇದು ನಿರೀಕ್ಷಿತವೇ. ಬೆಳಗಿನ ಬಿಸಿಲಿನಲ್ಲಿ ಮಕ್ಕಳನ್ನು ಹೊರಗೆ ಆಡಿಸುವುದು, ಊಟಗಳನ್ನು ಅಲ್ಲಿನ ವೇಳೆಗೆ ಹೊಂದಿಸುವುದು, ಹಗಲು ನಿದ್ದೆಯನ್ನು ಮಿತಗೊಳಿಸುವುದು, ಇವೇ ಇದಕ್ಕೆ ಮದ್ದು.

ಮರುವರ್ಷ, ೨೦೨೩ರ ಚಳಿಗಾಲದಲ್ಲಿ, ಮಕ್ಕಳ ತಾತ ಲಿಂಗೈಕ್ಯರಾದರು. ಮಕ್ಕಳು ಬರುವುದು ಸಾಧ್ಯವಾಗಲಿಲ್ಲ. ಮಾಮೂಲಿನಂತೆ ನಾನು ಬೆಳಿಗ್ಗೆ ಆರಕ್ಕೆ ದೂರವಾಣಿಯಲ್ಲಿ ಮಾತನಾಡಿದಾಗ ಹುಡುಗಿ ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ, "ನಾನು ತಾತನಿಗೆ ಎಲ್ಲ ಹೇಳಿ ಬಂದಿದ್ದೆ ಅಲ್ಲವೆ ಅಜ್ಜಿ" ಎಂದಳು. ಹೌದು ಎಂದೆ. ಸತ್ಯ ಹೇಳಿ ಕಳುಹಿಸಿದುದರ ಫಲವನ್ನು ಇದಕ್ಕಿಂತ ಹೆಚ್ಚಾಗಿ ವಿವರಿಸಲು ನನ್ನಿಂದಾಗದು.

ಇಷ್ಟನ್ನು ಬರೆಯುವಾಗ, ನಮ್ಮ ಶಾಲೆಯ ಹಾಜರಿ ಪುಸ್ತಕ ನನ್ನ ಕಣ್ಣ ಮುಂದೆ ಬರುತ್ತದೆ. ವಿಮಾನವೇರುವ ಮಕ್ಕಳು ನಮ್ಮಲ್ಲಿ ಬೆರಳೆಣಿಕೆಯಷ್ಟು. ಆದರೆ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಸೀಮೆಯ ಹಳ್ಳಿಗಳಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು ಬಹಳ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇನ್ನೂ ಹೆಚ್ಚು. ಕೆಲವರು ಬೆಂಗಳೂರಿನ ಕಟ್ಟಡಗಳಿಗೆ, ಕೆಲವರು ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ. ಶುಕ್ರವಾರ ತರಗತಿಯಲ್ಲಿ ಮಗ್ಗಿ ಹೇಳಿದ ಮಗು ಸೋಮವಾರ ಇಲ್ಲ. ನಿದ್ದೆಗಣ್ಣಿನಲ್ಲಿ ಎತ್ತಿ ಲಾರಿಯ ಮೇಲೆ ಪಾತ್ರೆಗಂಟುಗಳ ನಡುವೆ ಮಲಗಿಸಿದರೆಂದೂ, ಎಚ್ಚರವಾದಾಗ ಬೇರೆ ಊರಿನ ಶೆಡ್ಡಿನಲ್ಲಿದ್ದೆನೆಂದೂ ಮರಳಿ ಬಂದ ಹುಡುಗನೊಬ್ಬ ನನಗೆ ಹೇಳಿದ್ದನು. ಅವನ ಸ್ಲೇಟು ನನ್ನ ಮೇಜಿನ ಮೇಲೆ ನಾಲ್ಕು ತಿಂಗಳು ಕಾದಿತ್ತು. ದೂರವನ್ನು ಅಳೆದರೆ ಮಂಡ್ಯಕ್ಕೂ ಅಮೆರಿಕಕ್ಕೂ ಹೋಲಿಕೆಯಿಲ್ಲ. ಎಚ್ಚೆತ್ತ ಮಗುವಿನ ದಿಗ್ಭ್ರಮೆಯನ್ನು ಅಳೆದರೆ ಯಾವುದು ದೂರವೆಂದು ಹೇಳುವುದು ಸುಲಭವಲ್ಲ.

ಆದುದರಿಂದ ವಿದ್ಯಾಸಂಸ್ಥೆಯ ಅಧ್ಯಾಪಕವರ್ಗದವರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ಸೂಚನೆಯಿದೆ. ಊರು ಬಿಟ್ಟು ಹೊರಡುವ ಪ್ರತಿ ಮಗುವಿಗೂ, ಅದು ವಿಮಾನವೇರಲಿ ಲಾರಿಯೇರಲಿ, ನಮ್ಮ ಶಾಲೆ ಒಂದು ಸಣ್ಣ ಸಿದ್ಧತೆಯನ್ನು ಮಾಡಿಕೊಡಲಿ. ಹೋಗುವ ಊರಿನ ಹೆಸರನ್ನು ಮಗುವಿಗೆ ಹೇಳಿ, ಗೋಡೆಯ ಭೂಪಟದಲ್ಲಿ ಅದನ್ನು ಬೆರಳಿಟ್ಟು ತೋರಿಸುವುದು. ತರಗತಿಯ ಗೆಳೆಯರೊಡನೆ ಬೀಳ್ಕೊಳ್ಳಲು ಒಂದು ಗಂಟೆ ಕೊಡುವುದು. ಚೀಲದಲ್ಲಿ ಪಾಠಪುಸ್ತಕ, ಸ್ಲೇಟು, ಶಾಲೆಯ ವಿಳಾಸ ಬರೆದ ನಾಲ್ಕು ಕಾರ್ಡುಗಳನ್ನಿಟ್ಟು ಕಳುಹಿಸುವುದು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡತಕ್ಕದ್ದು, ಅದು ತಡವಾಯಿತೆಂಬ ಕಾರಣದಿಂದ ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಈ ಮಾತನ್ನು ತಂದೆತಾಯಿಗಳಿಗೆ ತಿಳಿಹೇಳುವುದು. ಮಕ್ಕಳನ್ನು ಊರಲ್ಲಿಯೇ ಬಿಟ್ಟುಹೋಗಲು ಒಪ್ಪುವವರಿಗೆ ಪ್ರಸಾದನಿಲಯದಲ್ಲಿ ಆ ನಾಲ್ಕು ತಿಂಗಳ ಮಟ್ಟಿಗೆ ಎಡೆ ಕಲ್ಪಿಸುವುದು. ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಮಿಕ್ಕವಕ್ಕೆ ಹೆಚ್ಚಿನ ವೆಚ್ಚವಿಲ್ಲ. ಕೊನೆಯದಕ್ಕೆ ಬೇಕಾಗುವ ಧಾನ್ಯವನ್ನು ಹೊರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ತಮ್ಮ ಮಕ್ಕಳ ಒಂದು ವಿಮಾನಯಾನದ ನೆನಪಿಗಾಗಿ, ಸಂತೋಷದಿಂದ ಒದಗಿಸುವರೆಂದು ನಂಬಿದ್ದೇನೆ. ನನ್ನ ಮಗ ಮೊದಲ ವರ್ಷದ್ದನ್ನು ಕೊಡಲು ಒಪ್ಪಿದ್ದಾನೆ. ಬರುವ ಸುಗ್ಗಿಗೆ ಮುಂಚೆ ಆಡಳಿತ ಮಂಡಳಿಯವರು ಈ ವಿಷಯವನ್ನು ಪರಿಶೀಲಿಸಬೇಕೆಂದು ವಿನಯಪೂರ್ವಕವಾಗಿ ವಿನಂತಿಸಿಕೊಂಡು ವಿರಮಿಸುತ್ತೇನೆ.